ಆಡಿ ತಿಂಗಳ ಗಿಟಾರು ಡಬ್ಬ

ನನಗೆ ಕೋಪ ಬೇಗ ಬರ್ತೈತೆ. ಇದನ್ನ ಮೊದಲೇ ಏಳ್ಬಿಡ್ತೀನಿ, ಆಮೇಲೆ ಯಾರೂ "ರಾಜಾತಿ ಇಂಗಾ?" ಅಂತ ಕೇಳ್ಬಾರದು. ಆ ಭಾನುವಾರ ಕುಪ್ಪುಸ್ವಾಮಿ ಅಣ್ಣ ನಮ್ಮನೆ ಜಗಲಿ ಮೇಲೆ ಕೂತ್ಕೊಂಡು, ನಾನು ಕೊಟ್ಟ ಕಾಫೀನೇ ಕುಡೀತಾ, ನಮ್ಮೋರಿಗೆ ಅಂಥಾ ಮಾತು ಆಡಿದಾಗ ಲೋಟ ಕಿತ್ಕೊಂಡ್ಬಿಡ್ಬೇಕು ಅನ್ನಿಸ್ತು. ಕಿತ್ಕೊಳ್ಳಲಿಲ್ಲ. ಆಗ್ಲೇ ಅರ್ಧ ಕುಡಿದು ಮುಗಿಸಿದ್ರು.

ಕುಪ್ಪುಸ್ವಾಮಿ ಅಣ್ಣಂದು ಲೈಟ್ ಮ್ಯೂಸಿಕ್ ಟ್ರೂಪು. ನಮ್ಮ ನಂಗವಳ್ಳಿಯಿಂದ ಧರ್ಮಪುರಿ ತನಕ, ಅತ್ಲಾಗೆ ನನ್ನ ತವರು ಹರೂರು ತನಕ, ಮದುವೆ ರಿಸೆಪ್ಷನ್ನಿಗೆಲ್ಲ ಅವರದೇ ಹಾಡು. ನಮ್ಮೋರು ಅದ್ರಲ್ಲಿ ಗಿಟಾರು ಬಾರಿಸ್ತಾರೆ. ಹೆಸರು ಮುನಿರಾಜ್. ಗಂಡನ ಹೆಸರು ಒಂದ್ಸಲ ಏಳಿದ್ದೀನಿ, ಇನ್ನ ಕೇಳ್ಬ್ಯಾಡಿ. ಹಗಲೆಲ್ಲ ಮಗ್ಗದ ಕುಣೀಲಿ ಕಾಲು ಇಳಿಬಿಟ್ಕೊಂಡು ಸೀರೆ ನೇಯ್ತಾರೆ, ಮುಹೂರ್ತ ಇದ್ದ ದಿನ ಸಂಜೆ ಇಸ್ತ್ರಿ ಶರ್ಟು ಹಾಕ್ಕೊಂಡು ಗಿಟಾರು ಹೆಗಲಿಗೆ ಏರಿಸ್ತಾರೆ. ಹದಿನಾಲ್ಕು ವರ್ಷದಿಂದ ಇದೇ. ಮಗ್ಗ ಇಲ್ದಿದ್ರೆ ನಮಗೆ ಊಟ ಇಲ್ಲ ಅನ್ನೋದು ನಿಜ. ಆದ್ರೆ ಗಿಟಾರು ಕೈಗೆ ಸಿಗದಿದ್ರೆ ಆ ಮನುಷ್ಯನ ಮೊಕ ನೋಡೋಕಾಗಲ್ಲ.

"ಮುನೀ, ಬೇಜಾರ್ ಮಾಡ್ಕೋಬ್ಯಾಡ," ಅಂದ್ರು ಕುಪ್ಪುಸ್ವಾಮಿ ಅಣ್ಣ. "ನಿನ್ನ ಗಿಟಾರು ತಗಡು ಬಡಿದಂಗೆ ಕೇಳ್ತೈತೆ. ಮೈಕ್ ಸೆಟ್ಟಿಗೆ ನೇರವಾಗಿ ಸಿಕ್ಕಿಸಿದ್ರೆ ಇನ್ನೇನು ಬರ್ತೈತೆ ಏಳು. ಸೇಲಂನಿಂದ ಶರವಣಕುಮಾರ್ ಅಂತ ಒಬ್ಬ ಬಂದವ್ನೆ, ಕೀಬೋರ್ಡಲ್ಲೇ ಗಿಟಾರು ಸೌಂಡು ತೆಗೀತಾನೆ. ವ್ಯಾನಲ್ಲೂ ಒಂದು ಸೀಟು ಮಿಗ್ತೈತೆ. ಆಗಸ್ಟ್ ಒಂಬತ್ತನೇ ತಾರೀಕು ಭಾನುವಾರ ರಿಹರ್ಸಲ್. ಅವತ್ತು ನಿನ್ನ ಸೌಂಡು ಸರಿಯಿದ್ರೆ ನಿನ್ನ ಜಾಗ ನಿಂದೇ. ಇಲ್ಲಾಂದ್ರೆ ಆಡಿ ಕಳೆದು ಆವಣಿ ತಿಂಗಳ ಮೊದಲನೇ ಮದುವೆಯಿಂದ ಕೀಬೋರ್ಡು ಸಾಕು ತಂಬಿ."

ನಮ್ಮೋರು ತಲೆ ಆಡಿಸಿದ್ರು. ಬೈದ್ರೂ ತಲೆ ಆಡಿಸ್ತಾರೆ, ಹೊಗಳಿದ್ರೂ ತಲೆ ಆಡಿಸ್ತಾರೆ. ಬಯ್ಯೋ ಕೆಲಸ ಎಲ್ಲಾ ದೇವರು ನನ್ನ ತಲೆ ಮೇಲೆ ಹಾಕವ್ನೆ.

"ಅದೇನು ತಗಡು ಸೌಂಡು? ಒಳ್ಳೇ ಸೌಂಡು ಎಲ್ಲಿ ಸಿಕ್ತೈತೆ?" ಅಂತ ಆಮೇಲೆ ನಾನು ಕೇಳಿದೆ. ಆಗ ಏಳಿದ್ರು. ಗಿಟಾರಿಗೆ ಅಂತಾನೇ ಒಂದು ಆಂಪ್ ಬರ್ತೈತಂತೆ, ಟ್ರಂಕಿನಷ್ಟು ಗಾತ್ರ. ಅದರೊಳಗಿಂದ ಬಂದ್ರೆ ಸದ್ದು ಮೈ ತುಂಬ್ಕೊಂಡು ಬರ್ತೈತಂತೆ. ಅದನ್ನ ಕೊಳ್ಳೋಕೆ ಮಗ್ಗ ಮಾರ್ಬೇಕು, ಕೊಂಡ್ರೂ ಕಂಡಕ್ಟರು ಬಸ್ಸಿಗೆ ಹತ್ತಿಸಲ್ಲ. ಆದ್ರೆ ಈಗ ಒಂದು ಸಣ್ಣ ಡಬ್ಬ ಬಂದೈತಂತೆ. ದೊಡ್ಡ ಆಂಪು, ಸಣ್ಣ ಆಂಪು, ಗುಡುಗೋ ಆಂಪು, ಗುಡಿಯೊಳಗೆ ಬಾರಿಸಿದಂಗೆ ಕೇಳೋ ಆಂಪು, ಎಲ್ಲದರ ಸದ್ದೂ ಅದೊಂದರಲ್ಲೇ. ಗಿಟಾರಿಗೂ ಮೈಕ್ ಸೆಟ್ಟಿಗೂ ನಡುವೆ ಇಟ್ಟು ಕಾಲಲ್ಲಿ ಒತ್ತಿದ್ರೆ ಆತು.

"ಮತ್ತೆ ಅದನ್ನೇ ತಗೊಳ್ಳಿ!"

"ಏಳು ಸಾವಿರ ಕಣೇ," ಅಂದು ಮಗ್ಗಕ್ಕೆ ಇಳಿದ್ರು.

ಹತ್ತು ದಿನ ಕಳೀತು. ಬುಧವಾರ ನೇಯ್ದ ಸೀರೆ ಒಪ್ಪಿಸೋಕೆ ಇಬ್ಬರೂ ಸೇಲಂಗೆ ಓದ್ವಿ. ವಾಪಸ್ ಬರ್ತಾ ಹಳೇ ಬಸ್ ಸ್ಟ್ಯಾಂಡ್ ಹಿಂದಿನ ಬೀದೀಲಿ ನಮ್ಮೋರ ಕಾಲು ತಾನಾಗೇ ನಿಂತ್ಕೊಂತು. ವೆಂಕಟಾಚಲಂ ಅನ್ನೋರ ವಾದ್ಯದ ಅಂಗಡಿ. ಬಾಗಿಲ ಮೇಲೆ ಬಟ್ಟೆ ಬ್ಯಾನರು: ಆಡಿ ತಳ್ಳುಬಡಿ.

ತಮಿಳು ಸೀಮೇಲಿ ಆಡಿ ತಿಂಗಳು ಬಂದ್ರೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ವ್ಯಾಪಾರ ಮಕಾಡೆ ಮಲಗ್ತೈತೆ. ಅದನ್ನ ಎಬ್ಬಿಸೋಕೆ ಅಂತ ಅಂಗಡಿಯೋರು ರೇಟು ಇಳಿಸಿ ಕೊಡ್ತಾರೆ, ಅದೇ ತಳ್ಳುಬಡಿ. ಸೀರೆಗೆ, ಪಾತ್ರೆಗೆ, ಮಿಕ್ಸಿಗೆ ನಾನು ನೋಡಿದ್ದೆ. ತಬಲಾಗೂ ಹಾರ್ಮೋನಿಯಂಗೂ ಇರ್ತೈತೆ ಅಂತ ಅವತ್ತೇ ಗೊತ್ತಾಗಿದ್ದು.

ಡಬ್ಬ ಶೋಕೇಸಲ್ಲಿತ್ತು. ಚಪಾತಿ ಮಣೆಯಷ್ಟೇ ಐತೆ, ಕರ್ರಗೆ, ತುಳಿಯೋಕೆ ಎರಡು ಗುಂಡಿ, ನಡುವೆ ಕೆಂಪಗೆ ನಂಬರು ಉರಿಯೋ ಕಿಂಡಿ. ವೆಂಕಟಾಚಲಂ ಗಿಟಾರು ಕೊಟ್ಟು "ವಾಸಿಚ್ಚು ಪಾರುಂಗ" ಅಂದ್ರು, ಬಾರ್ಸಿ ನೋಡಿ ಅಂತ.

ನಮ್ಮೋರು ಚಪ್ಪಲಿ ಕಳಚಿ ಬಿಟ್ಟು, ಬರಿಗಾಲಲ್ಲಿ ಡಬ್ಬದ ಮುಂದೆ ಕೂತ್ರು. ಮೊದಲನೇ ನಂಬರಿಗೆ ಅಂಗಡಿ ಗಾಜು ಗುಂಯ್ ಅಂತು. ಬಲಗಾಲು ಒತ್ತಿದ್ರು, ಸದ್ದು ನೀರಿನಂಗೆ ಮೆತ್ತಗಾತು. ಎಡಗಾಲು ಒತ್ತಿದ್ರು, ಮತ್ತೆ ಗುಡುಗು. ಕಣ್ಣು ಮುಚ್ಕೊಂಡವ್ರೆ, ಬೆರಳು ತನ್ನ ಪಾಡಿಗೆ ಓಡ್ತೈತೆ, ಕಾಲು ತನ್ನ ಪಾಡಿಗೆ ಒತ್ತತೈತೆ.

"ಈ ಡಬ್ಬ ನಿಮ್ಮ ಹತ್ರ ಮೊದಲೇ ಐತಾ?" ಅಂತ ವೆಂಕಟಾಚಲಂ ತಮಿಳಲ್ಲಿ ಕೇಳಿದ್ರು. "ಎಲ್ಲರೂ ಮೊದಲ ದಿನ ಕಾಲು ನೋಡ್ಕೊಂಡೇ ಒತ್ತೋದು."

"ಇವರು ಮಗ್ಗದೋರು ಸಾರ್," ಅಂದೆ ನಾನು. "ಹನ್ನೆರಡನೇ ವಯಸ್ಸಿಂದ ಕುಣಿಯೊಳಗೆ ಕಾಣದ ಹಲಗೆ ತುಳೀತಾ ಕೂತವ್ರೆ. ಕಾಲಿಗೆ ಕಣ್ಣು ಬಂದೈತೆ."

ಆ ಮೊಕ ನೋಡಿದೆ ನೋಡಿ! ಮದುವೆ ದಿನ ನನ್ನ ನೋಡಿದಾಗ್ಲೂ ಆ ಮನುಷ್ಯ ಅಷ್ಟು ಕುಷಿಯಾಗಿರಲಿಲ್ಲ. ಹೊಟ್ಟೆ ಉರೀತು, ಕುಷೀನೂ ಆತು. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ವ್ಯಾಪಾರಕ್ಕೆ ನಿಂತೆ.

"ಏಳು ಸಾವಿರದ ಇನ್ನೂರು, ಆಡಿಗೆ ಐದು ನಾನೂರು," ಅಂದ್ರು.

"ಮೂಲೇಲಿ ಗೀಚು ಬಿದ್ದೈತೆ. ಶೋಕೇಸಲ್ಲಿ ಇಟ್ಟ ಪೀಸು, ಬಂದೋರು ಓದೋರೆಲ್ಲ ತುಳಿದವ್ರೆ."

"ತುಳಿಯೋಕೇ ತಾನೇ ಅಮ್ಮಾ ಅದು ಇರೋದು!"

"ತುಳಿದಿರೋ ಸೀರೆಗೆ ನೀವು ಪೂರ್ತಿ ದುಡ್ಡು ಕೊಡ್ತೀರಾ?"

ಅರ್ಧ ಗಂಟೆ ಎಳೆದಾಡಿ ನಾಕು ಸಾವಿರದ ಒಂಬೈನೂರಕ್ಕೆ ತಂದು ನಿಲ್ಲಿಸಿದೆ, ವೈರು, ಕರೆಂಟಿಗೆ ಹಾಕೋ ಅಡಾಪ್ಟರು ಸೇರಿ. ವೆಂಕಟಾಚಲಂ ಕೈ ಮುಗಿದ್ರು. "ಒರೇ ಒರು ಪೀಸು ದಾನ್ ಅಮ್ಮಾ, ಇರೋದೇ ಒಂದು. ಸೋಮವಾರ ಆಡಿ ಹದಿನೆಂಟು, ಅವತ್ತಿನ ತನಕ ಈ ರೇಟು. ಧರ್ಮಪುರಿಯಿಂದ ಒಬ್ಬರು ಇದಕ್ಕೇ ಫೋನ್ ಮಾಡವ್ರೆ. ಯಾರು ಮೊದಲು ಬರ್ತಾರೋ ಅವರಿಗೆ."

ಚೀಟಿ ಎತ್ತಿದ ದುಡ್ಡು ಆಗ ನನ್ನ ಸೊಂಟದಲ್ಲೇ ಇತ್ತು. ಆದ್ರೂ "ಸೋಮವಾರದೊಳಗೆ ಬರ್ತೀವಿ" ಅಂತ ಏಳಿ ಬರಿಗೈಲಿ ಆಚೆ ಬಂದೆ. ಯಾಕೆ ಅಂತ ನಮ್ಮೋರಿಗೆ ಗೊತ್ತಿತ್ತು. ತಾರಮಂಗಲ ದಾಟೋ ತನಕ ಅವರ ಕಾಲು ಮಾತ್ರ ಬಸ್ಸಿನ ತಗಡು ತುಳೀತಾನೇ ಇತ್ತು.

ಅದಕ್ಕೆ ಕಾರಣ ನಮ್ಮ ಗ್ರೈಂಡರಿನ ಕಥೆ. ಏಳೋಕೆ ನನಗೆ ಇಷ್ಟ ಇಲ್ಲ, ಆದ್ರೂ ಏಳ್ಬೇಕು.

ಮೂರು ವರ್ಷದ ಹಿಂದೆ, ಇಂಥದೇ ಆಡಿ ತಳ್ಳುಬಡೀಲಿ, ನಾನು ಯಾರನ್ನೂ ಕೇಳದೆ ಒಂದು ಗ್ರೈಂಡರು ತಂದೆ. ಕಲ್ಲಲ್ಲಿ ರುಬ್ಬಿ ರುಬ್ಬಿ ಕೈ ಬಿದ್ದೋಗಿತ್ತು. ನಮ್ಮ ಮಾವ ನಂಜಪ್ಪೋರಿಗೆ ಆಟಿಕೆ ತಂದಷ್ಟು ಸಂಭ್ರಮ. ಮೊದಲನೇ ದಿನದ ಹಿಟ್ಟಿನ ಇಡ್ಲಿ ಹನ್ನೊಂದು ತಿಂದ್ರು. "ಹತ್ತಿ ಕಣಮ್ಮಾ ಸೊಸೆ, ಹತ್ತಿ!" ಅಂತ ಬೀದಿಗೆಲ್ಲ ಕೇಳೋ ಅಂಗೆ ಏಳಿದ್ರು. ಅದಾಗಿ ಒಂಬತ್ತನೇ ದಿನ ಮಗ್ಗದ ಮುಂದೆ ಕೂತೋರು ಎದೆ ಹಿಡ್ಕೊಂಡ್ರು. ಅಷ್ಟೇ, ಮತ್ತೆ ಮೇಲಕ್ಕೆ ಏಳಲಿಲ್ಲ.

ಸಾವಿಗೆ ಬಂದಿದ್ದ ಯಾವಳೋ ಒಬ್ಬಳು, ಅವಳ ನಾಲಿಗೆ ಬಿದ್ದೋಗ, "ಆಡೀಲಿ ಹೊಸ ಸಾಮಾನು ಹೊಸ್ತಿಲು ದಾಟಿಸಿದ್ರೆ ಇನ್ನೇನಾಗ್ತೈತೆ" ಅಂದ್ಳು. ನಮ್ಮತ್ತೆ ಮುನಿಲಕ್ಷ್ಮಮ್ಮ ಅಲ್ಲೇ ಕೂತಿದ್ರು. ಹೌದು ಅನ್ನಲಿಲ್ಲ, ಅಲ್ಲ ಅಂತಾನೂ ಅನ್ನಲಿಲ್ಲ. ಅವತ್ತಿಂದ ಇವತ್ತಿಗೂ ಅದರ ಬಗ್ಗೆ ಒಂದು ಮಾತಿಲ್ಲ. ಬೈದಿದ್ರೆ ನಾನೂ ಬೈದು ಹಗುರ ಆಗ್ತಿದ್ದೆ. ಸುಮ್ಮನಿರೋ ಅತ್ತೆ ಮುಂದೆ ಏನು ಮಾಡ್ಲಿ? ನಾನೇ ಒಂದು ಹಳೇ ಸೀರೆ ತಂದು ಗ್ರೈಂಡರಿಗೆ ಮುಚ್ಚಿದೆ. ಮನೇಲಿ ಮತ್ತೆ ರುಬ್ಬೋ ಕಲ್ಲು ಬಂತು. ಹಟ ಮಾಡಿದಂಗೆ ಅತ್ತೆನೇ ಕೂತು ರುಬ್ತಾರೆ.

ವರ್ಷ ವರ್ಷ ಜೂನ್ ಕೊನೇಲಿ ಅತ್ತೆ ಒಂದು ಮಾತು ಏಳ್ತಾರೆ. "ಆಷಾಡ ಬಂತು, ಒಸ ಸಾಮಾನು ಒಸ್ತಿಲು ದಾಟಬಾರದು." ಆಡಿ ಹುಟ್ಟೋಕೆ ಇನ್ನೂ ಇಪ್ಪತ್ತು ದಿನ ಇರ್ತೈತೆ, ಆಗ್ಲೇ ಏಳಿಬಿಡ್ತಾರೆ. ವಯಸ್ಸಾತು, ಮುಂಚೇನೇ ಎಚ್ಚರಿಸ್ತಾರೆ, ಅದೂ ನನಗೇ ಕುಟುಕ್ತಾರೆ ಅಂತ ನಾನು ಹಲ್ಲು ಕಚ್ಕೊಂಡಿರ್ತಿದ್ದೆ. ಹರೂರಲ್ಲಿ ನಮ್ಮ ತವರಿನೋರು ಮನೇಲಿ ಕನ್ನಡ ಆಡಿದ್ರೂ ತಿಂಗಳು ಎಣಿಸೋದು ತಮಿಳಲ್ಲೇ. ನಮಗೆ ಆಷಾಡ ಅಂದ್ರೆ ಆಡಿ, ಆಡಿ ಅಂದ್ರೆ ಆಷಾಡ. ಗೋಡೆ ಮೇಲಿನ ದಿನಾ ಹರಿಯೋ ಕ್ಯಾಲೆಂಡರಲ್ಲಿ ಆಗಸ್ಟ್ ಹದಿನಾರರ ತನಕ ಆಡಿ ಅಂತ ಅಚ್ಚಾಗೈತೆ. ರಿಹರ್ಸಲ್ಲು ಒಂಬತ್ತಕ್ಕೆ. ಈಗ ಏಳಿ, ನಾನು ಅತ್ತೆ ಮುಂದೆ ಯಾವ ಬಾಯಿಟ್ಕೊಂಡು "ಆಡಿ ತಳ್ಳುಬಡೀಲಿ ಇನ್ನೊಂದು ಸಾಮಾನು ತರ್ತೀವಿ" ಅನ್ಲಿ?

ಬುಧವಾರ, ಗುರುವಾರ, ನಾವಿಬ್ಬರೂ ಕಳ್ಳರಂಗೆ ಮಗ್ಗದ ಕುಣಿ ಹತ್ರ ಪಿಸಪಿಸ ಅಂದಿದ್ದೇ ಅಂದಿದ್ದು.

"ಡಬ್ಬ ಮನೆ ಒಳಗೆ ತರೋದು ಬ್ಯಾಡ. ಜಗಲೀಲೇ ಇಟ್ರೆ?" ಅಂದ್ರು ನಮ್ಮೋರು.

"ಜಗಲಿ ಮೇಲೆ ನಾಯಿ ಮಲಗ್ತೈತೆ. ಐದು ಸಾವಿರದ ಸಾಮಾನಿಗೆ ನಾಯಿ ಕಾವಲಾ?"

"ಪಕ್ಕದ ಪಳನಿಯಮ್ಮೋರ ಮನೇಲಿ?"

ಪಳನಿಯಮ್ಮನ್ನ ಕೇಳೇಬಿಟ್ಟೆ. ಅವಳು ಎದೆ ಮೇಲೆ ಕೈ ಇಟ್ಕೊಂಡ್ಳು. "ಅಯ್ಯಯ್ಯೋ! ನಿಮ್ಮನೆಗೆ ಆಡಿ ಆದ್ರೆ ನಮ್ಮನೆಗೇನು ಶುಭಕಾರ್ಯದ ತೈ ತಿಂಗಳಾ?" ಅವಳು ಏಳಿದ್ದೂ ನ್ಯಾಯವೇ.

ಕೊನೆಗೆ ನಮ್ಮೋರು ಒಂದು ಬುದ್ಧಿವಂತಿಕೆ ತೆಗೆದ್ರು. ಮಗ್ಗದ ಕುಣಿ ನೆಲಕ್ಕಿಂತ ಕೆಳಗೈತೆ, ಅದು ಮನೆ ಲೆಕ್ಕಕ್ಕೆ ಬರಲ್ಲ, ಕಿಟಕಿಯಿಂದ ದಾರ ಕಟ್ಟಿ ಇಳಿಸಿದ್ರೆ ಹೊಸ್ತಿಲೂ ದಾಟಿದಂಗಾಗಲ್ಲ ಅಂತ. ನಾನು ಅವರ ಮೊಕಾನೇ ನೋಡಿದೆ. ಮಾತಾಡದ ಗಂಡಸು ಮಾತಾಡಿದ್ರೆ ಇಂಥದೇ ಬರೋದು.

ಶುಕ್ರವಾರ ಅತ್ತೆ ತಲೆಗೆ ಸ್ನಾನ ಮಾಡಿ ಒಬ್ಬಟ್ಟು ಮಾಡಿದ್ರು. ಆಡಿ ವೆಳ್ಳಿ, ಅಂದ್ರೆ ಆಡಿ ಶುಕ್ರವಾರ ಅಂತ ಊರಿನೋರೆಲ್ಲ ಅಮ್ಮನ ಗುಡಿಗೆ ಅಂಬಲಿ ಒಯ್ತಾ ಇದ್ರು, ನಮ್ಮತ್ತೆ ಒಬ್ಬಟ್ಟು ಮಾಡವ್ರೆ ಅಂದ್ಕೊಂಡೆ. ಮೂರು ತಿಂದೆ. ಅತ್ತೆ ನನ್ನನ್ನ ಒಂದು ಥರಾ ನೋಡ್ತಾ ಇದ್ರು.

ಭಾನುವಾರ ಬೆಳಗ್ಗೆ ನಾನು ಹಿತ್ತಲಲ್ಲಿ ಪಾತ್ರೆ ತಿಕ್ತಾ ಇದ್ದೆ. ಅತ್ತೆ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತ್ರು.

"ರಾಜಾತಿ, ಸೇಲಂನಲ್ಲಿ ಮನೆ ಎಷ್ಟು ಬಾಡಿಗೆ?"

"ಯಾವ ಮನೆ ಅತ್ತೆ?"

"ಆಟ ಆಡ್ಬ್ಯಾಡ ನನ್ನ ಹತ್ರ. ನನಗೆ ಕಿವಿ ಐತೆ. ಸೋಮವಾರ ಓಗಿ ಹಿಡಿದ್ಬಿಡೋಣ, ಇಲ್ಲಾಂದ್ರೆ ಬೇರೆಯೋರ ಪಾಲಾಗ್ತೈತೆ ಅಂತ ಅವನಂದ. ಅತ್ತೆಗೆ ಏಳ್ಬ್ಯಾಡಿ ಅಂತ ನೀನಂದೆ. ಬೇರೆ ಓಗ್ತೀರಾ? ಓಗಿ. ಆದ್ರೆ ನನಗೊಂದು ಮಾತು ಏಳಿ ಓಗ್ರಪ್ಪಾ." ಅತ್ತೆ ಸೆರಗಿನ ತುದಿ ಬೆರಳಿಗೆ ಸುತ್ತಿ ಸುತ್ತಿ ಬಿಡ್ತಾ ಇದ್ರು.

ನನ್ನ ಕೈಲಿದ್ದ ತಟ್ಟೆ ಜಾರಿ ಬಿತ್ತು. "ಅಯ್ಯೋ ನಿಮ್ಮ! ಯಾವ ಮನೆ, ಯಾವ ಬಾಡಿಗೆ? ನಾವು ನೋಡಿದ್ದು ಒಂದು ಗಿಟಾರು ಡಬ್ಬ ಅತ್ತೆ!" ಅಂತ ಶುರು ಮಾಡಿದೋಳು, ತಗಡು ಸದ್ದು, ಕೀಬೋರ್ಡು, ವ್ಯಾನಿನ ಸೀಟು, ವೆಂಕಟಾಚಲಂ, ಕುಣಿಗೆ ದಾರ ಕಟ್ಟಿ ಇಳಿಸೋದು, ಒಂದೂ ಬಿಡದೆ ಒದರಿಬಿಟ್ಟೆ. ಗ್ರೈಂಡರಿನ ಮಾತೊಂದು ಮಾತ್ರ ಬಾಯಿಗೆ ಬರಲಿಲ್ಲ. "ಡಬ್ಬ ಇಲ್ದಿದ್ರೆ ನಿಮ್ಮ ಮಗನ ಜಾಗ ಓಯ್ತು. ತರೋಣ ಅಂದ್ರೆ ಆಷಾಡ. ನಾನೇನು ಮಾಡ್ಲಿ ಏಳಿ!"

ಅತ್ತೆ ನನ್ನನ್ನೇ ನೋಡಿದ್ರು. "ಯಾವ ಆಷಾಡ?"

"ಈಗ ನಡೀತಿರೋ ಆಷಾಡ."

"ಎಲ್ಲಿ ನಡೀತೈತೆ?"

"ಕ್ಯಾಲೆಂಡರಲ್ಲಿ ಐತಲ್ಲ, ಆಡಿ, ಹದಿನಾರರ ತನಕ..."

"ಲೇ ಹುಚ್ಚಿ! ಅದು ತಮಿಳರ ಆಡಿ ಕಣೇ. ಅವರು ಸೂರ್ಯನ್ನ ನೋಡಿ ತಿಂಗಳು ಎಣಿಸ್ತಾರೆ, ನಾವು ಚಂದ್ರನ್ನ ನೋಡಿ. ಓದ ವಾರದ ಹಿಂದೆ ಅಮಾಸೆ ಅಂತ ಮಗ್ಗ ನಿಲ್ಲಿಸಿದ್ವಲ್ಲ, ಅವತ್ತಿಗೆ ನಮ್ಮ ಆಷಾಡ ಮುಗೀತು. ಮಾರನೇ ದಿನದಿಂದ ಶ್ರಾವಣ. ಮೊನ್ನೆ ಒಬ್ಬಟ್ಟು ಯಾಕೆ ಮಾಡಿದೆ ಅಂದ್ಕೊಂಡೆ?"

"ಆಡಿ ವೆಳ್ಳಿಗೆ ಅಂತ..."

"ಶ್ರಾವಣ ಶುಕ್ರವಾರ! ಮೂರು ತಿಂದಲ್ಲೇ!"

ಅತ್ತೆ ನಗೋಕೆ ಶುರು ಮಾಡಿದ್ರು ನೋಡಿ, ಕೂತಲ್ಲೇ ಹಿಂದಕ್ಕೆ ಬಿದ್ದು ಗೋಡೆ ಹಿಡ್ಕೊಂಡ್ರು. "ಕುಣಿಗೆ ದಾರ ಕಟ್ಟಿ ಇಳಿಸ್ತಾನಂತೆ ನನ್ನ ಮಗ!" ಅಂತ ಮತ್ತೆ ನಕ್ಕರು. ಮಾವ ಓದ ಮೇಲೆ ಅವರು ಅಂಗೆ ನಕ್ಕಿದ್ದು ನಾನು ನೋಡಿರಲಿಲ್ಲ. ಕಣ್ಣೊರೆಸ್ಕೊಂಡು ಏಳಿದ್ರು. "ಅವರ ಆಡಿ ಅಂತ ಅವರು ರೇಟು ಇಳಿಸ್ತಾರೆ. ನಮ್ಮ ಶ್ರಾವಣ ಅಂತ ನಾವು ಕೊಂಡ್ಕೋತೀವಿ. ಎರಡು ಲೆಕ್ಕ ಇರೋ ಮನೇಲಿ ಹುಟ್ಟಿ ಅದ್ರ ಉಪಯೋಗ ಇಲ್ದಿದ್ರೆ ಎಂಗೆ? ನಾಳೆ ನಾನೂ ಬರ್ತೀನಿ."

ಸೋಮವಾರ ಬೆಳಗ್ಗೆ ಆರಕ್ಕೇ ಮೂರು ಜನ ಬಸ್ ಸ್ಟಾಪಲ್ಲಿ ನಿಂತ್ವಿ. ನಿಂತೇ ಇದ್ವಿ. ಆಡಿ ಹದಿನೆಂಟು, ಕಾವೇರಿಗೆ ಹೊಸ ನೀರು ಬಂದ ಹಬ್ಬ. ಸೀಮೆಯ ಬಸ್ಸೆಲ್ಲ ಮೆಟ್ಟೂರಿನ ಕಡೆಗೇ ಮೊಕ. ಬುತ್ತಿ ಕಟ್ಕೊಂಡ ಜನ ಟಾಪಲ್ಲಿ ಕೂತು ಕೂಗ್ತಾ ಓಗ್ತಾರೆ, ಸೇಲಂ ಕಡೆಗೆ ಒಂದು ಬಸ್ಸೂ ಇಲ್ಲ. ಒಂಬತ್ತಾತು. ಹತ್ತಾತು. ನಮ್ಮೋರು ಧರ್ಮಪುರಿಯೋನು ಈಗ ಎಲ್ಲಿ ಬಂದಿರ್ತಾನೆ ಅಂತ ಬೆರಳಲ್ಲಿ ಎಣಿಸ್ತಾ ಇದ್ರು. ನಾನು ಸರ್ಕಾರ, ಡಿಪೋ, ಡ್ರೈವರು, ಯಾರನ್ನೂ ಬಿಡದೆ ಬೈದೆ. ಕೊನೆಗೆ ಅತ್ತೆ ರಸ್ತೆ ನಡುವೆ ನಿಂತು, ನೂಲಿನ ಮೂಟೆ ಹೊತ್ತ ಒಂದು ಟೆಂಪೋ ನಿಲ್ಲಿಸಿದ್ರು. ಮೂಟೆಗಳ ಮೇಲೆ ಕೂತು, ತಲೆ ತುಂಬ ಧೂಳು ಹೊತ್ಕೊಂಡು ಸೇಲಂ ಸೇರಿದ್ವಿ.

ಓಡ್ಕೊಂಡು ಅಂಗಡಿಗೆ ಓದ್ವಿ. ಡಬ್ಬ ಶೋಕೇಸಲ್ಲಿಲ್ಲ. ಶೂ ಹಾಕ್ಕೊಂಡ ಒಬ್ಬ ಮನುಷ್ಯನ ಕಾಲ ಕೆಳಗೈತೆ. ಅವನು ಬಗ್ಗಿ ಬಗ್ಗಿ ನಂಬರು ನೋಡ್ತಾನೆ, ಒತ್ತತಾನೆ. ನಮ್ಮೋರು ಬಾಗಿಲಲ್ಲೇ ನಿಂತ್ಬಿಟ್ರು.

ಅವನೇ ಧರ್ಮಪುರಿಯೋನು, ತಮಿಳಲ್ಲಿ ಏಳ್ತಾ ಇದ್ದ: "ಸೌಂಡು ಸೂಪರ್ ಸಾರ್. ಆದ್ರೆ ಆಡಿ ತಾನೇ, ಅಮ್ಮ ಮನೆಗೆ ಸೇರಿಸಲ್ಲ. ಆವಣಿ ಒಂದಕ್ಕೆ ಬಂದು ಇದೇ ರೇಟಿಗೆ ತಗೋತೀನಿ."

"ಆವಣೀಲಿ ಆಡಿ ರೇಟಾ?" ಅಂದ್ರು ವೆಂಕಟಾಚಲಂ. "ಇವತ್ತು ಕೊಟ್ರೆ ಈ ರೇಟು, ಇಲ್ಲಾಂದ್ರೆ ಏಳು ಇನ್ನೂರು."

"ನಾಳೆ ಫೋನ್ ಮಾಡಿ ಏಳ್ತೀನಿ ಸಾರ್..."

ಅಷ್ಟು ಸಾಕಾಗಿತ್ತು ನಮ್ಮತ್ತೆಗೆ. ಧೂಳು ತಲೆಯಲ್ಲೇ ಮುಂದೆ ಓಗಿ, ನನ್ನ ಸೊಂಟದಿಂದ ದುಡ್ಡಿನ ಗಂಟು ಎಳೆದು ಗಾಜಿನ ಮೇಲೆ ಇಟ್ರು. "ಎಂಗಳುಕ್ಕು ಆಡಿ ಮುಡಿಂಜುಪೋಚು!" ಅಂದ್ರು. ನಮಗೆ ಆಡಿ ಮುಗಿದೋಯ್ತು ಅಂತ. ವೆಂಕಟಾಚಲಂ ಗೋಡೆ ಕ್ಯಾಲೆಂಡರು ನೋಡಿದ್ರು, ಅತ್ತೆ ಮೊಕ ನೋಡಿದ್ರು, ತಕರಾರು ಮಾಡದೆ ಬಿಲ್ಲು ಬರೆದ್ರು. ಶೂ ಹಾಕಿದೋನು ಪಾಪ, ಬಾಯಿ ಬಿಟ್ಕೊಂಡು ನಿಂತಿದ್ದ.

ಮನೇಲಿ ಡಬ್ಬ ಬಾಗಿಲಿಂದಾನೇ ಒಳಗೆ ಬಂತು. ಅತ್ತೆ ಹೊಸ್ತಿಲ ಹತ್ರ ನಿಲ್ಲಿಸಿ ಆರತಿ ಎತ್ತಿದ್ರು, ಕಿಂಡಿ ಮೇಲೆ ಕುಂಕುಮ ಇಟ್ರು. ನಂಬರು ಕಾಣಲ್ಲ ಅಂತ ನಮ್ಮೋರು ಒರೆಸೋಕೆ ಓದ್ರು, ಅತ್ತೆ ಕೈಗೆ ಹೊಡೆದ್ರು. ಆ ವಾರ ಪೂರ್ತಿ ಮಧ್ಯಾಹ್ನ ಮಗ್ಗ ನಿಂತ ಮೇಲೆ ಮನೆ ತುಂಬ ಗುಡುಗು, ಗುಡಿ, ನೀರು. ಪಳನಿಯಮ್ಮ ಬಂದು ಇಣುಕಿ "ಆಡೀಲೇ ತಂದ್ಬಿಟ್ರಾ?" ಅಂದ್ಳು. "ಶ್ರಾವಣ," ಅಂದೆ ನಾನು, ಹುಟ್ಟಿದಾಗಿಂದ ಗೊತ್ತಿದ್ದೋಳಂಗೆ.

ಒಂಬತ್ತನೇ ತಾರೀಕು ಕುಪ್ಪುಸ್ವಾಮಿ ಅಣ್ಣನ ಮನೆ ಹಾಲಲ್ಲಿ ರಿಹರ್ಸಲ್. ಹೆಂಗಸರು ಬರೋ ಜಾಗ ಅಲ್ಲ. ನಾನು, ಅತ್ತೆ, ಇಬ್ಬರೂ ಓದ್ವಿ.

ಶರವಣಕುಮಾರ್ ಒಳ್ಳೇ ಹುಡುಗ, ಅಂಗೆಲ್ಲ ಬಯ್ಯೋ ಅಂಗಿಲ್ಲ. ಬಂದ ತಕ್ಷಣ ಅತ್ತೆಗೆ ಕುರ್ಚಿ ಹಾಕಿದ. ಅವನು ಕೀಬೋರ್ಡಲ್ಲಿ ಗಿಟಾರು ಸದ್ದು ತೆಗೆದಾಗ ನಾನು ಅತ್ತೆ ಕೈ ಹಿಡ್ಕೊಂಡೆ, ಅಷ್ಟು ನಿಜವಾಗಿತ್ತು. ನಿಧಾನದ ಹಾಡು ಪೂರ್ತಿ ಚೆನ್ನಾಗೇ ಬಾರಿಸಿದ. ಆಮೇಲೆ ಕುಪ್ಪುಸ್ವಾಮಿ ಅಣ್ಣ ಓಡೋ ಹಾಡು ಎತ್ತಿದ್ರು. ಅದ್ರಲ್ಲಿ ಒಂದು ಸಾಲು ಮೆತ್ತಗೆ, ಮುಂದಿನ ಸಾಲು ಆರ್ಭಟ, ಮತ್ತೆ ಮೆತ್ತಗೆ. ಶರವಣಕುಮಾರ್ ಪ್ರತಿ ಸಾಲಿಗೂ ಕೈ ಎತ್ತಿ ಬಟನ್ ಹುಡುಕ್ಬೇಕು. ಎರಡು ಸಲ ಸರಿಯಾತು. ಮೂರನೇ ಸಲ ಆರ್ಭಟದ ಜಾಗದಲ್ಲಿ ಕೊಳಲು ಬಂತು. ಎಲ್ಲರೂ ನಕ್ಕರು, ಅವನೂ ನಕ್ಕ.

ಈಗ ನಮ್ಮೋರು. ಚಪ್ಪಲಿ ಬಿಟ್ಟು, ಸ್ಟೂಲಿನ ಮೇಲೆ ಕೂತು, ಬರಿಗಾಲು ಡಬ್ಬದ ಮೇಲಿಟ್ಟು, ಕಣ್ಣು ಮುಚ್ಚಿದ್ರು. ನನಗೆ ಗೊತ್ತಾತು, ಅವರು ಈಗ ಹಾಲಲ್ಲಿಲ್ಲ, ಕುಣೀಲಿ ಕೂತವ್ರೆ. ಮೆತ್ತಗೆ, ಆರ್ಭಟ, ಮೆತ್ತಗೆ, ಆರ್ಭಟ. ಒಂದು ಎಳೆ ತಪ್ಪಲಿಲ್ಲ. ಹಾಡು ನಿಂತ ಮೇಲೂ ಕಿಟಕಿ ಸರಳು ಗುಂಯ್ ಅಂತಾನೇ ಇತ್ತು.

"ಕಾಲು ನೋಡ್ದೇ ಎಂಗಣ್ಣಾ?" ಅಂತ ಶರವಣಕುಮಾರೇ ಕೇಳಿದ.

"ಸೀರೆ ನೇಯೋಕೆ ಬಾ, ಏಳ್ಕೊಡ್ತೀನಿ," ಅಂದ್ರು ನಮ್ಮೋರು. ಹದಿನಾಲ್ಕು ವರ್ಷದಲ್ಲಿ ಟ್ರೂಪಲ್ಲಿ ಅವರು ಆಡಿದ ಅತೀ ಉದ್ದದ ಮಾತು ಅದೇ ಇರ್ಬೇಕು.

ಕುಪ್ಪುಸ್ವಾಮಿ ಅಣ್ಣ ಹೊಗಳಲಿಲ್ಲ, ಅವರ ಬಾಯಲ್ಲಿ ಅದು ಬರಲ್ಲ. "ಶರವಣಾ, ವ್ಯಾನಲ್ಲಿ ಸ್ವಲ್ಪ ಒತ್ತರಿಸ್ಕೊಂಡು ಕೂರ್ಬೇಕು ತಂಬಿ, ಮುನಿ ಬರ್ತಾನೆ," ಅಂದ್ರು. ನನಗೆ ಅಳು ಬಂತು. ಕೋಪದೋಳು ಅಳಬಾರದು ಅಂತ ಏನಿಲ್ಲವಲ್ಲ.

ಮನೆಗೆ ನಡ್ಕೊಂಡು ಬರೋವಾಗ ನಮ್ಮೋರು ಡಬ್ಬ ಎದೆಗೆ ಅವುಚ್ಕೊಂಡು ಮುಂದೆ ಮುಂದೆ ಓಗ್ತಾ ಇದ್ರು. ನಾನು ಅತ್ತೆ ಜತೆ ಹಿಂದೆ. ಓದ ಭಾನುವಾರದಿಂದ ಒಂದು ಲೆಕ್ಕ ನನ್ನ ತಲೆ ತಿಂತಾ ಇತ್ತು. ಕೇಳೋಕೆ ಭಯ, ಕೇಳದಿರೋಕೆ ಆಗ್ತಿಲ್ಲ.

"ಅತ್ತೆ, ಮಾವ ಓದ ವರ್ಷ... ಅಮಾಸೆ ಯಾವತ್ತು ಬಿದ್ದಿತ್ತು?"

ಅತ್ತೆ ನಿಂತ್ರು. "ಗ್ರೈಂಡರಿನ ಲೆಕ್ಕಕ್ಕೆ ಕೇಳ್ತೀಯಾ?"

ನಾನು ತಲೆ ತಗ್ಗಿಸಿದೆ.

"ಗ್ರೈಂಡರು ಬಂದಿದ್ದು ಶ್ರಾವಣದ ಎರಡನೇ ಶುಕ್ರವಾರ. ಅವತ್ತೇ ಎಣಿಸಿ ನೋಡಿದ್ದೆ ನಾನು. ಅಲ್ದಿದ್ರೆ ಬಾಗಿಲಲ್ಲೇ ನಿಲ್ಲಿಸ್ತಿದ್ದೆ, ನನ್ನ ಬಾಯಿ ನಿನಗೆ ಗೊತ್ತಿಲ್ವಾ?"

"ಮತ್ತೆ ಅವತ್ತು ಅವಳು ಅಂಗೆ ಅಂದಾಗ ನೀವು ಸುಮ್ಮನಿದ್ರಿ..."

"ಗಂಡನ್ನ ಕಳ್ಕೊಂಡು ಕೂತೋಳಿಗೆ ಯಾವಳು ಏನಂದ್ಳು ಅಂತ ಕೇಳ್ಸುತ್ತಾ ತಾಯಿ?" ಅತ್ತೆ ನನ್ನ ಮೊಕ ಹತ್ತಿರದಿಂದ ನೋಡಿದ್ರು. "ಅಯ್ಯೋ ರಾಜಾತಿ. ಅದಕ್ಕಾ ನೀನು ಗ್ರೈಂಡರು ಮುಚ್ಚಿಟ್ಟೆ? ನಾನು ನಿನಗೆ ಮಾವನ ನೆನಪು ಬರ್ತೈತೆ, ಅದನ್ನ ಮುಟ್ಟೋಕೆ ಮನಸ್ಸಿಲ್ಲ, ಹೋಗ್ಲಿ ಅಂತ ಸುಮ್ಮನಿದ್ದೆ. ಮೂರು ವರ್ಷ ಭುಜ ಕಳಚೋ ಅಂಗೆ ಕಲ್ಲಲ್ಲಿ ರುಬ್ಬಿದ್ದೀನಲ್ಲೇ, ನಿನ್ನ ಮನೆ ಕಾಯ್ವಾಗ!"

ನಡು ಬೀದೀಲಿ ಅವರ ಭುಜಕ್ಕೆ ತಲೆ ಇಟ್ಟು ಅತ್ಬಿಟ್ಟೆ ನಾನು. "ಈ ಭುಜ ಬ್ಯಾಡ, ನೋವಿರೋದು ಇದೇ," ಅಂತ ಅತ್ತೆ ನನ್ನನ್ನ ಇನ್ನೊಂದು ಪಕ್ಕಕ್ಕೆ ಸರಿಸಿದ್ರು.

ಮನೆಗೆ ಬಂದ ಕೂಡಲೇ ಅಕ್ಕಿ, ಉದ್ದು ನೆನೆಹಾಕಿದೆ. ಸಂಜೆ ದೀಪ ಹಚ್ಚಿ ಆದ ಮೇಲೆ ಗ್ರೈಂಡರಿನ ಮೇಲಿನ ಹಳೇ ಸೀರೆ ಎಳೆದು, ಕಲ್ಲು ತೊಳೆದು, ಸ್ವಿಚ್ ಒತ್ತಿದೆ. ಮೊದಲು ಕೆಮ್ಮಿತು, ಆಮೇಲೆ ತಿರುಗ್ತು. ನಮ್ಮೋರು ಆ ಕಡೆಯಿಂದ "ಏಯ್, ಗಿಟಾರಲ್ಲಿ ಗೊರ್ ಅಂತ ಸೌಂಡು ಬರ್ತೈತೆ, ನಿಲ್ಸು!" ಅಂತ ಕೂಗಿದ್ರು.

"ನಿನ್ನ ಡಬ್ಬ ನಿಲ್ಸೋ!" ಅಂದ್ರು ಅತ್ತೆ.

ಬೆಳಗ್ಗೆ ಮೊದಲ ಸಲಕ್ಕೆ ಬೆಂದ ಇಡ್ಲಿ ಇಳಿಸಿದೆ. ನಮ್ಮೋರು ತಟ್ಟೆ ಹಿಡ್ಕೊಂಡು ಬಂದು ಕೂತ್ರು. ಅತ್ತೆ ಆ ತಟ್ಟೆ ಕಿತ್ಕೊಂಡು, ಬಿಸಿ ಇಡ್ಲಿ ಒಂದೊಂದಾಗಿ ಎಣಿಸಿ ಹಾಕಿ, ಮಾವನ ಫೋಟೋ ಮುಂದೆ ಇಟ್ರು. ಹನ್ನೊಂದು. ಪಾತ್ರೇಲಿ ಮಿಕ್ಕಿದ್ದು ಒಂದೇ. ಅದನ್ನ ನನ್ನ ಬಾಯಿಗೆ ಇಟ್ರು.